ನೀರು ಕುಡಿಯದ ಗೋಡೆ

ಅದು ಎಂದೂ ಆಗಂಗಿಲ್ಲ ಅಂತ ಹೇಳಿದವನು ನನ್ನ ಮಾಮಾ. ಅವ್ವನ ತಮ್ಮ, ಗೌಂಡಿ ಕೆಲಸದವನು. ಬೇರೆ ಯಾರಾದರೂ ಹೇಳಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು ಮರೆತುಬಿಡುತ್ತಿದ್ದೆ. ಅವನು ಸಿಟ್ಟಿನಿಂದ ಹೇಳಲಿಲ್ಲ, ಹೀಯಾಳಿಸಿಯೂ ಹೇಳಲಿಲ್ಲ. ಇವತ್ತು ಮಂಗಳವಾರ ಅಂದಷ್ಟು ಸಾದಾ ಹೇಳಿದ. ಅದಕ್ಕೇ ಅದು ನನ್ನೊಳಗೆ ಕೂತುಬಿಟ್ಟಿತು.

ನಾನು ಆಗ ಐದನೆಯ ಇಯತ್ತೆ. ಮಳೆ ಕೈಕೊಟ್ಟ ವರ್ಷ. ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ ನಮ್ಮ ಓಣಿಯ ಅರ್ಧಕ್ಕರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು. ಅಪ್ಪ ನಾನು ಮೂರು ವರ್ಷದವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಮತ್ತು ಮಾಮಾ ಕೂಲಿಯವರನ್ನು ಕೂಡಿಸುವ ಒಬ್ಬ ಮುಕಾದಮನ ಬೆನ್ನಿಗೆ ಹೈದರಾಬಾದಿಗೆ ಹೋದರು, ಕಟ್ಟಡದ ಕೆಲಸಕ್ಕೆ. ನಾನು ಅಜ್ಜಿಯ ಹತ್ತಿರ ಉಳಿದು ಸಾಲಿಗೆ ಹೋಗುತ್ತಿದ್ದೆ. ಬೇಸಿಗೆ ಸೂಟಿ ಬಿದ್ದಾಗ ನನ್ನನ್ನೂ ಅಲ್ಲಿಗೆ ಕರೆಸಿಕೊಂಡರು.

ಅವರು ಕಟ್ಟುತ್ತಿದ್ದ ಮನೆಯಲ್ಲೇ ಇರುತ್ತಿದ್ದರು. ಬಾಗಿಲು ಕಿಟಕಿ ಇನ್ನೂ ಕೂಡಿಸಿರಲಿಲ್ಲ. ಮುಂದೆ ಯಾರದೋ ದೇವರ ಕೋಣೆ ಆಗಬೇಕಾಗಿದ್ದ ಜಾಗದಲ್ಲಿ ಅವ್ವ ಮೂರು ಇಟ್ಟಂಗಿ ಇಟ್ಟು ರೊಟ್ಟಿ ಸುಡುತ್ತಿದ್ದಳು. ದಿನವೆಲ್ಲ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಮಾಮಾ ಗೋಡೆಗೆ ಗಿಲಾವ್ ಮಾಡುತ್ತಿದ್ದ. ಕರಣಿಯಿಂದ ಸಿಮೆಂಟು ಎತ್ತಿ ಗೋಡೆಗೆ ಬಡಿದು, ಪಟ್ಟಿಯಿಂದ ಎಳೆದು, ಕಣ್ಣು ಸಣ್ಣ ಮಾಡಿ ನೋಡುತ್ತಿದ್ದ. ನನಗೂ ಒಂದು ಕೆಲಸ ಕೊಟ್ಟಿದ್ದ. ಎಣ್ಣೆಯ ಹಳೆ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ನಿನ್ನೆಯ ಗಿಲಾವಿಗೆ ಮೂರು ಹೊತ್ತು ನೀರು ಚಿಮುಕಿಸು ಅಂದಿದ್ದ.

"ಒಣಗಿದ ಮ್ಯಾಲ ಯಾಕ ಮತ್ತ ತೋಯಿಸೋದು ಮಾಮಾ?"

"ಮ್ಯಾಲ ಒಣಗ್ಯದ, ಒಳಗ ಇನ್ನಾ ನೀರಡಿಕಿ ಅದ. ಕುಡಿಸಲಿಲ್ಲಂದ್ರ ಮುಂದ ಮುಪ್ಪಿನಾಗ ಕೆಮ್ಮತದ."

ಒಂದು ದಿನ ಮೇಲಿನ ಕೋಣೆಯಲ್ಲಿ ನಿಂತೆ. ಎರಡು ಕಡೆಯಿಂದ ಗಾಳಿ ಬರುತ್ತಿತ್ತು. "ಮಾಮಾ, ಮುಂದ ನಾವೂ ಇಂಥಾ ಮನಿ ತಗೊಳ್ಳೋಣು" ಅಂದೆ. ಅವನು ಕೈ ನಿಲ್ಲಿಸಲಿಲ್ಲ.

"ನಾವು ಕಟ್ಟೋ ಮಂದಿ ಪೋರಿ. ತಗೊಳ್ಳೋ ಮಂದಿ ಬ್ಯಾರೆ ಅದಾರ. ಅದು ಎಂದೂ ಆಗಂಗಿಲ್ಲ. ಡಬ್ಬಿ ತುಂಬ್ಕೊಂಡು ಬಾ."

ಆ ಮನೆಯ ಮಾಲಕರು ಬರುವ ದಿನ ಬೆಳಿಗ್ಗೆಯೇ ನಮ್ಮ ಗಂಟು ಮೂಟೆ ಪಕ್ಕದ ಪ್ಲಾಟಿಗೆ ಹೋದವು. ಅವ್ವ ಒಲೆಯ ಮಸಿಯನ್ನು ನೆಲದಿಂದ ತಿಕ್ಕಿ ತೆಗೆದು ಬಂದಳು. ಆಕೆ ಆಗಲೇ ಕೆಮ್ಮುತ್ತಿದ್ದಳು.

ನಾನು ಓದಿದೆ. ಹೇಗೆ ಓದಿದೆ ಅನ್ನುವುದನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಭಾಲ್ಕಿಯ ಹಾಸ್ಟೆಲ್ಲು, ಬೀದರಿನ ಕಾಲೇಜು, ಎರಡು ಜೊತೆ ಬಟ್ಟೆ, ಪರೀಕ್ಷೆ ಫೀಸಿನ ಕಡೆಯ ದಿನಕ್ಕೆ ಮಾಮಾ ಹೈದರಾಬಾದಿನಿಂದ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದ ಲಕೋಟೆ. ನಮ್ಮ ಅಪ್ಪನ ಕಡೆಗಾಗಲಿ ಅವ್ವನ ಕಡೆಗಾಗಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಈ ಮಾತು ಹೇಳುವಾಗ ನನಗೆ ಸಂಕೋಚ ಇಲ್ಲ, ಯಾಕೆ ಇರಬೇಕು. ಆಮೇಲೆ ಔರಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದೆ. ಮದುವೆಯಾಯಿತು. ನಮ್ಮನೆಯವರಿಗೆ ಬೀದರಿನ ಒಂದು ದವಾಖಾನೆಯ ಲ್ಯಾಬಿನಲ್ಲಿ ಕೆಲಸ. ಅವ್ವನನ್ನು ನಮ್ಮ ಹತ್ತಿರ ಕರೆದುಕೊಂಡು ಬಂದೆ. ಹಳೆ ಬೀದರಿನಲ್ಲಿ ಬಾಡಿಗೆಯ ಎರಡು ಕೋಣೆ. ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ, ಅಲ್ಲೇ ಅವ್ವ ಮಲಗುತ್ತಿದ್ದಳು.

ಮತ್ತೆ ಮಳೆ ಹೋಯಿತು. ಒಂದು ವರ್ಷ ಅಲ್ಲ, ಸಾಲಾಗಿ. ಕಾರಂಜಾ ಜಲಾಶಯದ ತಳ ಕಾಣಿಸಿತು ಅಂತ ಭಾಲ್ಕಿಯ ಮಂದಿ ಹೇಳುತ್ತಿದ್ದರು. ಬೀದರಿನಲ್ಲಿ ನಳಕ್ಕೆ ನೀರು ಬರುವ ದಿನ ನಾನು ಕಚೇರಿಗೆ ತಡವಾಗಿಯೇ ಹೋಗುತ್ತಿದ್ದೆ. ಔರಾದಿಗೆ ರೈಲಿಲ್ಲ, ಇರುವುದೇ ಬಸ್ಸು. ಬೆಳಿಗ್ಗೆ ನಾನು ಹೋಗುವಾಗ ಎದುರಿನಿಂದ ಬರುವ ಬಸ್ಸುಗಳು ತುಂಬಿರುತ್ತಿದ್ದವು. ದಾರಿಯಲ್ಲಿ ಸಂತಪುರದ ಸ್ಟ್ಯಾಂಡಿನಲ್ಲಿ ಹಾಸಿಗೆ ಸುತ್ತಿಕೊಂಡು, ಕೊಡಪಾನಕ್ಕೆ ಹಗ್ಗ ಕಟ್ಟಿಕೊಂಡು ಕುಟುಂಬಗಳೇ ನಿಂತಿರುತ್ತಿದ್ದವು. ಕಚೇರಿಯಲ್ಲಿ ನನ್ನ ಟೇಬಲ್ಲಿಗೆ ವಾಸಸ್ಥಳದ ಪ್ರಮಾಣಪತ್ರದ ಅರ್ಜಿಗಳು ಬರುತ್ತಿದ್ದವು. ಇಂಥವರು ಇದೇ ಊರಲ್ಲಿ ವಾಸವಾಗಿರುತ್ತಾರೆ ಅಂತ ಟೈಪು ಮಾಡಿ ಸಹಿಗೆ ಕಳಿಸುತ್ತಿದ್ದೆ. ಪತ್ರ ತೆಗೆದುಕೊಳ್ಳಲು ಅವರ ಬದಲಿಗೆ ಮುದುಕರು ಬರುತ್ತಿದ್ದರು. ಅರ್ಜಿ ಹಾಕಿದವರು ಆಗಲೇ ಊರು ಬಿಟ್ಟು ಹೋಗಿರುತ್ತಿದ್ದರು.

ಆ ವರ್ಷವೇ ಡಾಕ್ಟರು ಅವ್ವನ ಎದೆ ತಪಾಸಣೆ ಮಾಡಿ, ನನ್ನನ್ನು ಹೊರಗೆ ಕರೆದು ಹೇಳಿದರು. ಔಷಧ ಕೊಡ್ತೇನಿ, ಆದರ ಔಷಧಕ್ಕಿಂತ ಜಾಗ ಬದಲಿ ಮಾಡ್ರಿ. ಧೂಳು ಇರಬಾರದು, ಗಾಳಿ ಆಡಬೇಕು. ಈ ಕಿಟಕಿ ಇಲ್ಲದ ಕೋಣೆಯಲ್ಲಿ ಇನ್ನೊಂದು ಚಳಿಗಾಲ ಬೇಡ.

ಹಾಗೆ ನಾವು ಮನೆ ನೋಡಲು ಶುರು ಮಾಡಿದೆವು. ಊರಿನ ಹೊರಗೆ ಒಬ್ಬ ಬಿಲ್ಡರು ಸಾಲುಮನೆ ಕಟ್ಟುತ್ತಿದ್ದ. ಗೋಡೆ, ಛತ್ತು ಎದ್ದಿದ್ದವು. ಒಳಗಿನ ಕೆಲಸ ನಡೆದಿತ್ತು. ಒಂದು ಮನೆಯ ಮುಂಬಾಗಿಲಲ್ಲಿ ನಿಂತರೆ ಎದುರಿಗೇ ಹಿತ್ತಲ ಬಾಗಿಲು ಕಾಣುತ್ತಿತ್ತು. ಅವ್ವ ಮೊದಲ ಸಲ ಬಂದಾಗ ಆ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾವು ಮೇಲೆ ಕೆಳಗೆ ಓಡಾಡಿ, ಕೊಠಡಿ ಅಳೆದು, ಬಿಲ್ಡರನ ಕಚೇರಿಯ ಹುಡುಗನ ಜೊತೆ ಮಾತಾಡಿ ಬಂದರೂ ಎದ್ದಿರಲಿಲ್ಲ. ಅಷ್ಟು ಹೊತ್ತು ಒಂದು ಸಲವೂ ಕೆಮ್ಮಿರಲಿಲ್ಲ.

"ಇದೇ ಇರ್ಲಿ" ಅಂದಳು. ಅಷ್ಟೇ ಅಂದಳು.

ನಾವು ಅದನ್ನೇ ಹಿಡಿದೆವು. ನಂತರ ದಣಿವಿನ ಕೆಲಸ ಶುರುವಾಯಿತು. ಮನೆ ಕೊಳ್ಳುವುದು ಅಂದರೆ ಒಂದು ಸಲ ಹೂಂ ಅನ್ನುವುದು ಅಂತ ತಿಳಿದಿದ್ದೆ. ನೂರು ಸಲ ಅನ್ನಬೇಕು. ಔರಾದಿನಿಂದ ಸಂಜೆ ಬಸ್ಸಿಳಿದು, ಧೂಳು ಮುಖದಲ್ಲೇ ಆ ಕಚೇರಿಗೆ ಹೋಗಿ ಕೂರುತ್ತಿದ್ದೆ. ಹುಡುಗ ಕಂಪ್ಯೂಟರ್ ತಿರುಗಿಸಿ ತೋರಿಸುತ್ತಿದ್ದ. ನೆಲಕ್ಕೆ ಈ ಟೈಲು ಇದ್ದದ್ದೇ, ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಕಟ್ಟಿಗೆ ಹಂಗ ಕಾಣೋದು. ಅಡುಗೆ ಮನೆಗೆ ಈ ಕಲ್ಲು ಇದ್ದದ್ದೇ, ಹೆಚ್ಚಿಗೆ ಕೊಟ್ಟರೆ ಮಾಡ್ಯುಲರ್. ನಲ್ಲಿ ಬೇರೆ, ಬಾಗಿಲ ಹಿಡಿಕೆ ಬೇರೆ. ಇದ್ದದ್ದು ಯಾವುದೂ ಚೆಂದ ಕಾಣದಂಗೆ ಚಿತ್ರ ತೆಗೆದಿದ್ದರು. ನಮ್ಮನೆಯವರಿಗೆ ಫಾಲ್ಸ್ ಸೀಲಿಂಗ್ ಮೇಲೆ ಮನಸ್ಸು. ಯಾರದೋ ಮನೆಯಲ್ಲಿ ನೋಡಿದ್ದರು.

"ಲೈಟು ಕಾಣಂಗಿಲ್ಲ, ಬೆಳಕು ಅಷ್ಟೇ ಬರ್ತದ" ಅನ್ನುತ್ತಿದ್ದರು.

"ಲೈಟು ಕಂಡ್ರ ಏನಾಗ್ತದ್ರಿ?" ಅಂದರೆ ನಕ್ಕುಬಿಡುತ್ತಿದ್ದರು. ಆದರೂ ಮರುದಿನ ಮತ್ತೆ ಅದೇ ಮಾತು. ಬ್ಯಾಂಕು ಕೊಟ್ಟದ್ದು, ನಾವು ಕೂಡಿಟ್ಟದ್ದು ಎಲ್ಲ ಸೇರಿದ ಮೇಲೆ ಒಂದೇ ಒಂದು ಹೆಚ್ಚಿನ ಕೆಲಸಕ್ಕೆ ಆಸ್ಪದ ಉಳಿದಿತ್ತು. ಆ ಒಂದು ಯಾವುದು ಅನ್ನುವುದರ ಮೇಲೆ ನಮ್ಮಿಬ್ಬರ ನಡುವೆ ಎಷ್ಟೋ ದಿನ ಜಗಳ ನಡೆದಿತ್ತು.

ಇಲ್ಲಿ ನನ್ನ ತಪ್ಪು ಹೇಳಬೇಕು. ನಮ್ಮದು ಬೌದ್ಧರ ಮನೆ. ಅಜ್ಜನ ಕಾಲಕ್ಕೇ ಪಂಚಾಂಗ, ದಿಕ್ಕು, ಗಳಿಗೆ ಎಲ್ಲ ಬಿಟ್ಟವರು. ಹುಡುಗ ಮೊದಲ ದಿನವೇ ವಾಸ್ತು ಅಂತ ಬಾಯಿ ತೆರೆದಾಗ, "ನಾವು ಅದನ್ನು ಕೇಳೋ ಮಂದಿ ಅಲ್ಲ" ಅಂತ ನೆಟ್ಟಗೆ ಕೂತು ಹೇಳಿದ್ದೆ. ಹೆಮ್ಮೆ ಅನ್ನಿಸಿತ್ತು. ಅವನು ಆ ವಾಸ್ತುವಿನ ಪುಸ್ತಕ ಮುಚ್ಚಿಟ್ಟ. ಮುಂದಿನ ಸಲ ಬೇರೆ ಪುಸ್ತಕ ತೆಗೆದ. ನುಣುಪಾದ ಹಾಳೆ, ಇಂಗ್ಲಿಷು, ಹಸಿರು ಬಿದಿರಿನ ಚಿತ್ರ.

"ಇದು ವಾಸ್ತು ಅಲ್ರಿ ಮೇಡಂ. ಇದು ಫೆಂಗ್ ಶುಯಿ. ಪೂಜಾರಿ ಇಲ್ಲ, ಮಂತ್ರ ಇಲ್ಲ. ಗಾಳಿ ಮತ್ತ ನೀರಿನ ಸೈನ್ಸು. ನಿಮ್ಮಂಥಾ ಓದಿದೋರೇ ಇದು ತಗೋತಾರ."

ನಿಮ್ಮಂಥಾ ಓದಿದೋರು. ಆ ಮಾತು ಕೆಲಸ ಮಾಡಿತು. ಪುಸ್ತಕವನ್ನು ಬಸ್ಸಿನಲ್ಲಿ ಇಡೀ ವಾರ ಓದಿದೆ. ಮುಂಬಾಗಿಲು ಮತ್ತು ಹಿತ್ತಲ ಬಾಗಿಲು ಒಂದೇ ಗೆರೆಯಲ್ಲಿ ಇದ್ದರೆ ಒಳಗೆ ಬಂದ ಒಳ್ಳೆಯದು ನಿಲ್ಲದೆ ಹಾಗೇ ಹೊರಗೆ ಹೋಗುತ್ತದೆ ಅಂತ ಅದರಲ್ಲಿತ್ತು. ಅದನ್ನು ಓದುವಾಗ ಬಸ್ಸು ಸಂತಪುರದಲ್ಲಿ ನಿಂತಿತ್ತು. ಕಿಟಕಿಯ ಹೊರಗೆ ಆ ಗಂಟುಗಳು, ಆ ಕೊಡಪಾನಗಳು. ನಮ್ಮ ಮನೆತನದಲ್ಲಿ ಬಂದದ್ದು ಯಾವುದು ನಿಂತಿತ್ತು? ಅಪ್ಪ ನಿಲ್ಲಲಿಲ್ಲ, ಊರು ನಿಲ್ಲಲಿಲ್ಲ. ಇನ್ನಾದರೂ ಏನಾದರೂ ನಿಲ್ಲಲಿ ಅನ್ನಿಸಿತು. ದಣಿದ ತಲೆಗೆ ಅದು ನಿಜ ಅಂತಲೇ ಅನ್ನಿಸಿತು.

ಅವರ ಫೆಂಗ್ ಶುಯಿ ಪ್ಯಾಕೇಜಿನಲ್ಲಿ ಹಿತ್ತಲ ಬಾಗಿಲು ಮುಚ್ಚಿ ಗೋಡೆ ಮಾಡುವುದು, ಅದರ ಮೇಲೆ ದೊಡ್ಡ ಕನ್ನಡಿ, ಬಾಗಿಲಿಗೆ ಗಾಳಿಗಂಟೆ, ಪ್ರವೇಶದಲ್ಲಿ ಕರೆಂಟಿನಿಂದ ನೀರು ಸುತ್ತುವ ಸಣ್ಣ ಕಾರಂಜಿ, ಅದರ ಪಕ್ಕ ನಗುವ ಬುದ್ಧ. ಒಳಗಿನ ಗೋಡೆಗಳಿಗೆ ಬೇರೆ ಬೇರೆ ಬಣ್ಣ. ನಾನು ಸಹಿ ಮಾಡಿದೆ. ನಮ್ಮನೆಯವರು ತಮ್ಮ ಸೀಲಿಂಗ್ ಹೋಯಿತು ಅಂತ ಮುಖ ತಿರುಗಿಸಿಕೊಂಡು ಹೊರಗೆ ಹೋಗಿ ನಿಂತರು.

ಅವ್ವನಿಗೆ ಆ ಬುದ್ಧನ ಚಿತ್ರ ತೋರಿಸಿದೆ. ಕಣ್ಣ ಹತ್ತಿರ ಹಿಡಿದು ನೋಡಿದಳು.

"ಇಂವ ಯಾರ?"

"ಬುದ್ಧ ಅವ್ವ. ಚೀನಾದ್ದು."

"ನಮ್ಮಾಂವ ಉಪವಾಸ ಕೂತಾಂವ. ಇಂವ ಬಜಾರಿನಾಗ ಕಿರಾಣಿ ಅಂಗಡಿ ಇಟ್ಟಂಗ ಕಾಣ್ತಾನ." ಚಿತ್ರ ತಿರುಗಿ ಕೊಟ್ಟಳು. "ಹಿತ್ತಲ ಬಾಗಲಾ ಮುಚ್ಚತಾರಂತಲ್ಲ?"

"ಹೂಂ. ಅದು ಎದುರಾಬದುರು ಇರಬಾರದಂತ."

ಅವ್ವ ಎದ್ದು ಒಳಗೆ ಹೋದಳು. ಓದಿದವಳು ಹೇಳುತ್ತಿದ್ದಾಳೆ ಅಂದರೆ ಸರಿ ಇರಬೇಕು ಅಂತ ಸುಮ್ಮನಾದಳು ಅನ್ನುವುದು ನನಗೆ ಆಮೇಲೆ ತಿಳಿಯಿತು. ನನ್ನ ಮೇಲೆ ಆಕೆಗಿದ್ದ ಆ ನಂಬಿಕೆ ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅದೇ ಸಮಯಕ್ಕೆ ಮಾಮಾ ಹೈದರಾಬಾದಿನಿಂದ ಬಂದ. ಅಲ್ಲೂ ನೀರಿಲ್ಲ, ಕೆಲಸ ನಿಂತಿದೆ ಅಂದ. ಕೂದಲು ಪೂರಾ ಬೆಳ್ಳಗಾಗಿತ್ತು, ಬಲಗೈಯ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನಾನು ರವಿವಾರ ಅವನನ್ನು ಮನೆ ತೋರಿಸಲು ಕರೆದುಕೊಂಡು ಹೋದೆ. ಸುಳ್ಳು ಯಾಕೆ ಹೇಳಲಿ, ಅವನ ಆ ಹಳೆಯ ಮಾತು ಅವನಿಗೇ ತಿರುಗಿ ಕೊಡಬೇಕು ಅಂತಲೇ ಹೋಗಿದ್ದೆ. ನಮ್ಮನೆಯವರೂ ಬಂದರು.

ಮಾಮಾ ಮುಂಬಾಗಿಲ ಹೊರಗೆ ಚಪ್ಪಲಿ ಬಿಟ್ಟ. ಇನ್ನೂ ಸಿಮೆಂಟಿನ ಪುಡಿ ಬಿದ್ದ ನೆಲಕ್ಕೆ ಚಪ್ಪಲಿ ಬಿಡುವುದು ಏನು ಅಂದರೆ ನಕ್ಕ. ಮೊದಲು ಹೊರಗಿನ ಗೋಡೆಗೆ ಅಂಗೈ ಇಟ್ಟ. ಆಮೇಲೆ ಒಳಗೆ ಬಂದು, ಅವ್ವನಿಗೆ ಅಂತ ಇಟ್ಟುಕೊಂಡಿದ್ದ ಕೆಳಗಿನ ಕೋಣೆಯಲ್ಲಿ ನಿಂತ. ಕೈ ಹಿಂದೆ ಕಟ್ಟಿಕೊಂಡು ಮೇಲೆ ನೋಡಿದ.

ನಮ್ಮನೆಯವರು ಆಸೆ ಬಿಟ್ಟಿರಲಿಲ್ಲ. "ಇಲ್ಲಿ ಫಾಲ್ಸ್ ಸೀಲಿಂಗ್ ಮಾಡಸಬೇಕಂತ ಇತ್ತು ಮಾಮಾ" ಅಂದರು.

"ಛತ್ತಿನ ಕೆಳಗ ಇನ್ನೊಂದು ಛತ್ತಾ ಜಮಾಯಿರಾಜರ? ನಡುವ ಇಲಿಗೋಳು ಬಾಡಗಿ ಇಲ್ಲದ ಇರ್ತಾವ."

ಆಮೇಲೆ ಅವನು ಜೇಬಿನಿಂದ ತನ್ನ ಪೆಟ್ಟಿಗೆಯ ಕೀಲಿಕೈ ತೆಗೆದು ಗೋಡೆಗೆ ಒಂದು ಗೆರೆ ಎಳೆದ. ಒತ್ತಿ ಎಳೆಯಲಿಲ್ಲ, ಸ್ಲೇಟಿನ ಮೇಲೆ ಬರೆದಂಗೆ ಎಳೆದ. ಹಿಟ್ಟು ಉದುರಿದಂಗೆ ಗಿಲಾವ್ ಉದುರಿತು. ಗೋಡೆಯ ಮೇಲೆ ಅಂಗೈ ಸವರಿ ನನಗೆ ತೋರಿಸಿದ. ಅಂಗೈ ಬೂದಿ ಬಣ್ಣಕ್ಕೆ ತಿರುಗಿತ್ತು.

"ಹೊರಗಿನ ಗೋಡಿ ಛಲೋ ಅದ, ಅದು ಹೋದ ವರ್ಷದ್ದು. ಒಳಗಿನ ಗಿಲಾವ್ ಈ ಬ್ಯಾಸಗ್ಯಾಗಿಂದು. ಈ ಗೋಡಿ ನೀರು ಕುಡದಿಲ್ಲ."

"ಬಣ್ಣ ಹೊಡದ್ರ ನಿಲ್ಲಂಗಿಲ್ಲೇನು?" ಅಂದೆ.

"ಬಣ್ಣ ನಿಂದರ್ತದ, ಒಂದು ವರ್ಷ. ಆಮ್ಯಾಲ ಬಣ್ಣದ ಜೋಡಿ ಉದರತದ. ದಿನಾ ಕಸಾ ಹೊಡಿಬೇಕು, ದಿನಾ ಧೂಳು. ಅಕ್ಕ ಈ ಕೋಣ್ಯಾಗ ಮಲಗ್ತಾಳಲ್ಲ?"

ಅವನು ನನ್ನ ಮುಖವನ್ನೇ ನೋಡಿದ.

"ನಿನಗ ಡಬ್ಬಿ ಮಾಡಿ ಕೊಟ್ಟಿದ್ದೆನಲ್ಲ ಪೋರಿ. ಮರತ್ಯಾ?"

ಇಡೀ ವಾರ ಪುಸ್ತಕ ಓದಿದ್ದೆ. ಕನ್ನಡಿ ಯಾವ ಗೋಡೆಗೆ ಇರಬೇಕು, ಹಾಸಿಗೆಯ ಕಾಲು ಯಾವ ಕಡೆ ಇರಬಾರದು ಅಂತ ಬಾಯಿಪಾಠ ಹೇಳುತ್ತಿದ್ದೆ. ಆದರೆ ಒಂದು ಸಲವೂ ಗೋಡೆಯನ್ನು ಮುಟ್ಟಿ ನೋಡಿರಲಿಲ್ಲ. ಐದನೆಯ ಇಯತ್ತೆಯಲ್ಲಿ ನನಗೆ ಗೊತ್ತಿದ್ದದ್ದು ಪದವಿಯ ನಂತರ ನನಗೆ ಗೊತ್ತಿರಲಿಲ್ಲ.

ಮಾಮಾ ಹಿಂದಕ್ಕೆ ಹೋದ. ಹಿತ್ತಲ ಬಾಗಿಲು ಆಗಲೇ ಮುಚ್ಚಿತ್ತು, ಇಟ್ಟಂಗಿ ಕಟ್ಟಿದ್ದರು. "ಇದ್ಯಾಕ?" ಅಂದ. ನಾನು ಪುಸ್ತಕದ ಮಾತು ಹೇಳಿದೆ. ಕಾರಂಜಿಯ ಮಾತೂ ಹೇಳಿದೆ, ಬುದ್ಧನದೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಹಿಡಿಸಲಿಲ್ಲ.

"ಅಂದ್ರ ಗೋಡಿಗಿ ಇಲ್ಲದ ನೀರು ಬುದ್ಧಗ ಅದ" ಅಂದ. ನಗಲಿಲ್ಲ. ನಮ್ಮನೆಯವರು ನಕ್ಕರು, ಆಮೇಲೆ ನನ್ನನ್ನು ನೋಡಿ ನಿಲ್ಲಿಸಿದರು.

ಸೋಮವಾರ ರಜೆ ಹಾಕಿ ಬಿಲ್ಡರನ ಕಚೇರಿಗೆ ಹೋದೆ. ಪ್ಯಾಕೇಜು ಬೇಡ, ಅದರ ಬದಲಿಗೆ ಕೆಳಗಿನ ಕೋಣೆ ಮತ್ತು ನಡುಮನೆಯ ಗಿಲಾವ್ ಕೆರೆದು ಮತ್ತೆ ಮಾಡಿ, ಹತ್ತು ದಿನ ನೀರು ಹೊಡೆಯಿರಿ, ಹಿತ್ತಲ ಬಾಗಿಲು ತೆಗೆಯಿರಿ ಅಂದೆ.

ಹುಡುಗ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. "ಮೇಡಂ, ಪುಟ್ಟಿ ಹೊಡೆದು ಬಣ್ಣ ಹಚ್ಚಿದ್ರ ಯಾರಿಗೂ ಗೊತ್ತಾಗಂಗಿಲ್ರಿ. ಈ ಬರದಾಗ ಗೋಡಿಗಿ ನೀರಂದ್ರ ಮಂದಿ ನಗ್ತಾರ."

"ನನಗ ಗೊತ್ತಾಯ್ತಲ್ಲ."

"ಮಾಮೂಲಿ ಎಲ್ಲಾರಿಗೂ ಹಿಂಗೇ ಕೊಟ್ಟೇವ್ರಿ."

"ಸರಿ. ಅದನ್ನೇ ಬರದು ಕೊಡ್ರಿ."

ಅವನು ಬರೆದು ಕೊಡಲಿಲ್ಲ. ನಾನು ಬರೆದೆ. ಅಲ್ಲೇ ಅವರ ಟೇಬಲ್ಲಿನ ಮೇಲೆ, ಕನ್ನಡದಲ್ಲಿ, ವಿಷಯ, ಉಲ್ಲೇಖ, ಮಾನ್ಯರೇ ಅಂತ ಶುರು ಮಾಡಿ. ಯಾವ ಕೋಣೆ, ಯಾವ ಗೋಡೆ, ಕೀಲಿಕೈಯಿಂದ ಎಳೆದರೆ ಉದುರಿದ್ದು, ಯಾವ ದಿನ ನೋಡಿದ್ದು, ಯಾರ ಎದುರಿಗೆ ನೋಡಿದ್ದು. ಎರಡು ಪ್ರತಿ. ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಮುಟ್ಟಿದೆ ಅಂತ ಸೀಲು ಹಾಕಿ ಕೊಡಿ ಅಂತ ಕೂತೆ. ಇಷ್ಟು ವರ್ಷ ನಾನು ಮಾಡಿದ ಕೆಲಸ ಅದೊಂದೇ. ಅವನು ಫೋನು ತೆಗೆದುಕೊಂಡು ಒಳಗೆ ಹೋದ, ಬಂದ, ಮತ್ತೆ ಹೋದ. ಮಧ್ಯಾಹ್ನ ದಾಟಿತು. ಕಡೆಗೆ ಸೀಲು ಬಿತ್ತು. ಮರುದಿನ ಬಿಲ್ಡರು ತಾನೇ ಫೋನು ಮಾಡಿದ. ಸಿಮೆಂಟು ಉಸುಕು ಕೊಡ್ತೇನಿ, ಟ್ಯಾಂಕರು ದಿನಾ ಸಿಗೋ ಗ್ಯಾರಂಟಿ ಇಲ್ಲ, ಗೌಂಡಿಗಳು ಇಲ್ಲ, ಎಲ್ಲರೂ ಊರು ಬಿಟ್ಟಾರ ಅಂದ. ಅದು ನಿಜವೇ ಇತ್ತು.

"ಗೌಂಡಿ ನಮ್ಮ ಮನ್ಯಾಗೇ ಅದಾನ್ರಿ" ಅಂದೆ.

ಮಾಮಾ ಮೊದಲು ಹಿತ್ತಲ ಬಾಗಿಲು ತೆಗೆದ. ಎರಡೇ ಏಟಿಗೆ ಇಟ್ಟಂಗಿಗಳು ಹೊರಗೆ ಬಿದ್ದವು. ಅದಕ್ಕೂ ಯಾರೂ ನೀರು ಹೊಡೆದಿರಲಿಲ್ಲ. ಆಮೇಲೆ ಗಿಲಾವ್ ಕೆರೆಯುವ ಕೆಲಸ. ಆ ಮೂರು ದಿನ ಅವ್ವನನ್ನು ಅತ್ತ ಸುಳಿಯಲು ಬಿಡಲಿಲ್ಲ. ನಮ್ಮನೆಯವರು ಮೂಗಿಗೆ ಟವೆಲ್ ಕಟ್ಟಿಕೊಂಡು ಬುಟ್ಟಿ ಹೊತ್ತರು. ಮೊದಲ ದಿನ ಗೊಣಗಿದರು, ಎರಡನೆಯ ದಿನ ಗೊಣಗಲೂ ಶಕ್ತಿ ಇರಲಿಲ್ಲ. ಹೊಸ ಗಿಲಾವ್ ಆದ ಮೇಲೆ ಗೋಡೆಗೆ ಗೋಣಿತಟ್ಟು ಇಳಿಬಿಟ್ಟೆವು.

ನೀರಿನ ಮಾತು ಸುಲಭ ಇರಲಿಲ್ಲ. ಊರಲ್ಲಿ ಹೆಂಗಸರು ಕೊಡ ಹಿಡಿದು ಸರತಿ ನಿಂತಿರುವಾಗ ಗೋಡೆಗೆ ನೀರು ಚೆಲ್ಲುವುದು ನನಗೂ ಚುಚ್ಚುತ್ತಿತ್ತು. ಅದಕ್ಕೆ ಮಾಮಾ ಒಂದು ಪದ್ಧತಿ ಮಾಡಿದ. ಟ್ಯಾಂಕರು ಬಂದ ದಿನ ಮೊದಲು ಅಲ್ಲಿನ ಕೂಲಿಯವರ ಜೋಪಡಿಗಳ ಕೊಡ ತುಂಬಬೇಕು, ಉಳಿದದ್ದು ಗೋಡೆಗೆ. ಬಾರದ ದಿನ ನಮ್ಮ ಮನೆಯ ನೀರು. ಅವ್ವ ಕಾಯಿಪಲ್ಯ ತೊಳೆದ ನೀರು, ಬಟ್ಟೆ ಜಾಲಾಡಿದ ಕಡೆಯ ನೀರು ಎಲ್ಲ ಕೊಡಪಾನದಲ್ಲಿ ಸೋಸಿ ಇಡುತ್ತಿದ್ದಳು.

"ಸಾಬಾಣದ ನೀರು ಬ್ಯಾಡ ಅಕ್ಕಾ, ಗೋಡಿ ಹೇತಕೋತದ" ಅಂತ ಮಾಮಾ ದಿನವೂ ಅನ್ನುತ್ತಿದ್ದ.

"ನನಗ ಕಲಸಬ್ಯಾಡ. ನೀ ಇನ್ನಾ ಉಸುಕು ಸೋಸ್ತಿದ್ದಿ, ನಾ ಆಗ ಎರಡು ಮಹಡಿ ಹತ್ತಿ ಇಳದೇನಿ."

ಬೆಳಿಗ್ಗೆ ಔರಾದಿನ ಬಸ್ಸಿಗೆ ಮೊದಲು ನಾನು ಎರಡು ಕೊಡ ಸ್ಕೂಟರಿನ ಮೇಲೆ ಇಟ್ಟುಕೊಂಡು ಹೋಗಿ ಗೋಣಿತಟ್ಟು ತೋಯಿಸಿ ಬರುತ್ತಿದ್ದೆ. ಸಂಜೆ ಇಳಿದ ಮೇಲೆ ಮತ್ತೆ. ತೋಳು ಸೋತು, ಕಚೇರಿಯಲ್ಲಿ ನಾನು ಒತ್ತಿದ ಸೀಲು ಸೊಟ್ಟ ಬೀಳುತ್ತಿತ್ತು. ಜೊತೆಯವರು, "ಹೊಸಾ ಮನಿ ಅಂದ್ರ ಖುಷಿ ಇರಬೇಕು, ನೀವ್ಯಾಕ ಹಿಂಗ ಬಾಡೀರಿ?" ಅಂತ ಕೇಳಿದರು. ಖುಷಿಗೆ ಆಗ ಪುರುಸೊತ್ತು ಇರಲಿಲ್ಲ. ಹಸಿ ಗೋಣಿಯ ವಾಸನೆ ಮಾತ್ರ ನೆನಪಿದೆ. ಹೈದರಾಬಾದಿನ ಆ ಮೇಲಿನ ಕೋಣೆಯ ವಾಸನೆಯೇ ಅದು.

ಹನ್ನೊಂದನೆಯ ದಿನ ಗೋಣಿ ತೆಗೆದೆವು. ಮಾಮಾ ಕೀಲಿಕೈ ನನ್ನ ಕೈಗೆ ಕೊಟ್ಟ. ಎಳೆದೆ. ಸಣ್ಣ ಗೆರೆ ಬಿತ್ತು, ಅಷ್ಟೇ. ನೆಲಕ್ಕೆ ಏನೂ ಉದುರಲಿಲ್ಲ. ಅಂಗೈ ಸವರಿದರೂ ಅಂಗೈ ಅಂಗೈಯಾಗಿಯೇ ಇತ್ತು. ಅವ್ವ ಬಂದು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ತನ್ನ ಜಾಗದಲ್ಲಿ ಕೂತಳು. ಮುಂಬಾಗಿಲು ತೆರೆದಿತ್ತು. ಗಾಳಿ ಒಳಗೆ ಬಂದು, ಅವ್ವನ ಸೆರಗು ಸರಿಸಿ, ಹಾಗೇ ಹೊರಗೆ ಹೋಯಿತು. ಹೋಗಲಿ ಅನ್ನಿಸಿತು.

ಮನೆ ನಮ್ಮ ಕೈಗೆ ಬರುವ ದಿನ ನಾಲ್ವರೂ ಬಿಲ್ಡರನ ಕಚೇರಿಗೆ ಹೋದೆವು. ಮಾಮಾ ಇಸ್ತ್ರಿಯ ಅಂಗಿ ಹಾಕಿದ್ದ. ಕುರ್ಚಿ ಕೊಟ್ಟರೂ ಮೊದಲು ಕೂರಲಿಲ್ಲ, ನಾನು ಕೈ ಹಿಡಿದು ಕೂರಿಸಿದೆ. ಹುಡುಗ ಒಳ್ಳೆಯವನೇ, ಅವನಿಗೂ ಅದು ನೌಕರಿ. ಸಿಟ್ಟು ಇಟ್ಟುಕೊಂಡಿರಲಿಲ್ಲ. ಕಪಾಟಿನಿಂದ ಆ ನಗುವ ಬುದ್ಧನನ್ನು ತೆಗೆದು, "ಇದು ನಮ್ಮ ಕಡಿಂದ ಫ್ರೀ ಅದ ತಗೋರಿ ಅಮ್ಮಾ" ಅಂತ ಅವ್ವನ ಮುಂದೆ ಇಟ್ಟ.

"ಇರ್ಲಿ ಬಿಡಪ್ಪಾ, ಇಲ್ಲೇ ಎಸಿ ಅದ. ಅಂವಗ ನಮ್ಮನಿ ಶಕಿ ತಡಿಯಂಗಿಲ್ಲ" ಅಂದಳು ಅವ್ವ.

ಆಮೇಲೆ ಸ್ವಾಧೀನ ಪತ್ರ ಬಂತು. ನಮ್ಮ ಕಡೆ ಕಬ್ಜಾ ಕಾಗದ ಅನ್ನುತ್ತಾರೆ. ದಪ್ಪ ಹಾಳೆ, ಕೆಳಗೆ ಸೀಲು, ಮೇಲೆ ನನ್ನ ಹೆಸರು. ಎಷ್ಟೋ ಜನರಿಗೆ ಪ್ರಮಾಣಪತ್ರ ಟೈಪು ಮಾಡಿ ಕೊಟ್ಟಿದ್ದೇನೆ. ಹೀಗೆ ಟೇಬಲ್ಲಿನ ಈಚೆ ಕಡೆ ಕೂತು ತೆಗೆದುಕೊಂಡದ್ದು ಪದವಿಯದ್ದು ಬಿಟ್ಟರೆ ಇದೊಂದೇ. ಓದಿ ನೋಡಿದೆ. ಅಕ್ಷರ ತಪ್ಪಿರಲಿಲ್ಲ. ಎದ್ದು ಮಾಮಾನ ಕೈಗೆ ಕೊಟ್ಟೆ. ಅವನ ಆ ಹಳೆಯ ಮಾತನ್ನು ಇವತ್ತು ತಿರುಗಿ ಕೊಡಬೇಕು ಅಂತ ಇದ್ದವಳು, ಕೊಡಲಿಲ್ಲ.

ಅವನು ಹಾಳೆಯನ್ನು ಎರಡೂ ಕೈಯಿಂದ ಹಿಡಿದ. ಓದಲು ಬರುವುದಿಲ್ಲ ಅವನಿಗೆ. ಆದರೂ ಗೋಡೆ ನೋಡುವಂಗೆ ಕಣ್ಣು ಸಣ್ಣ ಮಾಡಿ ಮೇಲಿನಿಂದ ಕೆಳಗಿನ ತನಕ ನೋಡಿದ. ಹೆಬ್ಬೆರಳಿನಿಂದ ಸೀಲಿನ ಮೇಲೆ ಮೆಲ್ಲಗೆ ಸವರಿದ.

"ಗೋಡಿಗಿ ನೀರು ಹೊಡದಿದ್ದು ಇದರಾಗ ಬರದಾರೇನು?"

"ಇಲ್ಲ ಮಾಮಾ. ಅದನ್ನ ಇದರಾಗ ಬರಿಯಂಗಿಲ್ಲ."

ಅವನು ಕಾಗದ ನನ್ನ ಕೈಗೆ ತಿರುಗಿ ಕೊಟ್ಟ.

"ಹಂಗಾರ ಅದು ನೀ ಬರಿ" ಅಂದ. "ಓದಿದಾಕಿ ಇದ್ದಿಯಲ್ಲ."